ಗಾಳದ ಚೀಲ: ಹತ್ತು ಪೌಂಡಿನ ಲೆಕ್ಕ

ಗಾಳ ಹಾಕಿ ಮೀನು ಹಿಡಿಯುವವನಿಗೆ ಒಂದು ಕೋಲು, ಒಂದು ದಾರ, ಒಂದು ಕೊಕ್ಕೆ, ಒಂದಿಷ್ಟು ಎರೆ ಮತ್ತು ಬೇಕಾದಷ್ಟು ತಾಳ್ಮೆ ಇದ್ದರೆ ಸಾಕೆಂದು ನಾವು ಭಾವಿಸುತ್ತೇವೆ. ಕೆರೆಯ ಏರಿಯ ಮೇಲೆ ಕುಳಿತು ಸಂಜೆಯನ್ನು ಕಳೆಯುವವನ ಮಟ್ಟಿಗೆ ಇದು ನಿಜವೂ ಹೌದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗಾಳ ಹಾಕುವುದು ಒಂದು ದೊಡ್ಡ ಪಂದ್ಯವಾಗಿ ಬೆಳೆದಿದೆ. ಅಲ್ಲಿನ ಸ್ಪರ್ಧಿಯೊಬ್ಬನು ಹೆಗಲಿಗೇರಿಸುವ ಚೀಲವನ್ನು ಬಿಚ್ಚಿ ನೋಡಿದರೆ ಸೀಸ, ಟಂಗ್‌ಸ್ಟನ್, ಉಕ್ಕು, ಹಿತ್ತಾಳೆ, ನೈಲಾನು, ಬಗೆಬಗೆಯ ಪ್ಲಾಸ್ಟಿಕ್ಕುಗಳು ಇವೆಲ್ಲ ಕಣ್ಣಿಗೆ ಬಿದ್ದು, ಪ್ರಯೋಗಶಾಲೆಯ ಒಂದು ಬೀರುವನ್ನೇ ತೆರೆದಂತಾಗುತ್ತದೆ. ಈ ಚೀಲದಲ್ಲಿ ಏನಿರಬೇಕು, ಏನಿರಬಾರದು, ಇರುವುದನ್ನು ಹೇಗೆ ಇಡಬೇಕು? ಈ ಪ್ರಶ್ನೆಗಳಿಗೆ ಅಂಗಡಿಯವನು ಕೊಡುವ ಉತ್ತರ ಒಂದು. ನೀರು ಕೊಡುವ ಉತ್ತರ ಇನ್ನೊಂದು. ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಎರಡನೆಯದನ್ನು.

ಬಾಸ್ ಮೀನು ಮತ್ತು ಅದರ ಪಂದ್ಯ

ಬಾಸ್ ಎಂಬುದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ನಮ್ಮ ಹೊಳೆ ಕೆರೆಗಳಲ್ಲಿ ಇದು ಸಹಜವಾಗಿ ಇಲ್ಲ. ಇದರಲ್ಲಿ ಹಲವು ಜಾತಿಗಳಿದ್ದರೂ ದೊಡ್ಡ ಬಾಯಿಯ ಬಾಸ್ ಎಂಬುದೇ ಹೆಚ್ಚು ಹೆಸರಾದುದು. ಮುಳುಗಿದ ಮರದ ಕೊಂಬೆ, ಜೊಂಡು, ಬಂಡೆಯ ಮರೆ ಇಂಥ ಕಡೆ ಅಡಗಿ ಕುಳಿತು, ಹತ್ತಿರ ಬಂದ ಸಣ್ಣ ಮೀನು, ಕಪ್ಪೆ, ಸಿಗಡಿಗಳ ಮೇಲೆ ಥಟ್ಟನೆ ಎರಗುವುದು ಇದರ ಸ್ವಭಾವ. ಸಾಮಾನ್ಯವಾಗಿ ಒಂದೆರಡು ಕಿಲೋಗ್ರಾಂ ತೂಗುವ ಈ ಮೀನು ಅಪರೂಪಕ್ಕೆ ಬಹಳ ದೊಡ್ಡದಾಗಿ ಬೆಳೆಯುವುದುಂಟು. 1932ರಲ್ಲಿ ಜಾರ್ಜಿಯಾ ಪ್ರಾಂತದಲ್ಲಿ ಜಾರ್ಜ್ ಪೆರಿ ಎಂಬವರು ಹಿಡಿದ ಬಾಸ್ 22 ಪೌಂಡು 4 ಔನ್ಸು, ಎಂದರೆ 10 ಕಿಲೋಗ್ರಾಂಗೂ ಮಿಕ್ಕಿ ತೂಗಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವರು ಹಿಡಿದ ಮೀನು ಈ ದಾಖಲೆಯನ್ನು ಸರಿಗಟ್ಟಿತು.

ಈ ಮೀನಿನ ಬೇಟೆಯನ್ನು ಕಟ್ಟುನಿಟ್ಟಾದ ಪಂದ್ಯವಾಗಿ ರೂಪಿಸಿದವರು ರೇ ಸ್ಕಾಟ್. 1967ರಲ್ಲಿ ಆರ್ಕನ್ಸಾ ಪ್ರಾಂತದ ಬೀವರ್ ಸರೋವರದಲ್ಲಿ ಅವರು ನಡೆಸಿದ ಪಂದ್ಯಕ್ಕೆ 106 ಮಂದಿ ಬಂದಿದ್ದರು. ಮರುವರ್ಷ ಅವರು ಈ ಹವ್ಯಾಸಿಗಳದೇ ಒಂದು ಸಂಘವನ್ನು ಕಟ್ಟಿದರು. ಇಂದಿನ ಪಂದ್ಯಗಳ ಸಾಮಾನ್ಯ ಕ್ರಮ ಹೀಗಿದೆ: ಬೆಳಗ್ಗೆ ದೋಣಿಗಳು ಹೊರಡುತ್ತವೆ, ಸುಮಾರು ಎಂಟು ಗಂಟೆಗಳ ಅವಧಿ, ಜೀವಂತ ಎರೆಯನ್ನು ಬಳಸುವಂತಿಲ್ಲ, ಕೃತಕ ಎರೆಯೇ ಆಗಬೇಕು, ಕೊನೆಗೆ ತಾನು ಹಿಡಿದವುಗಳಲ್ಲಿ ಹೆಚ್ಚು ತೂಕದ ಐದು ಮೀನುಗಳನ್ನು ಜೀವಸಹಿತ ತಂದು ತೂಗಿಸಬೇಕು. ಅನೇಕ ಪಂದ್ಯಗಳಲ್ಲಿ ಒಂದು ದೋಣಿಗೆ ಇಬ್ಬರು ಸ್ಪರ್ಧಿಗಳಿರುತ್ತಾರೆ. ಮುಂದಿನವನು ದೋಣಿಯ ಒಡೆಯ. ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವನು ಅವನೇ. ಅವನ ಸಾಮಗ್ರಿಗೆ ದೋಣಿಯ ಗೂಡುಗಳೆಲ್ಲ ಉಂಟು. ಹಿಂದಿನವನು ಚೀಟಿ ಎತ್ತಿದಾಗ ಆ ದೋಣಿಗೆ ಬಿದ್ದ ಅತಿಥಿ. ಕೋಲುಗಳನ್ನು ಬಿಟ್ಟರೆ ಅವನ ಸರ್ವಸ್ವವೂ ಒಂದು ಚೀಲದೊಳಗೆ ಅಡಗಬೇಕು. ದೋಣಿ ಆಳವಿಲ್ಲದ ಜೊಂಡಿಗೆ ಹೋದೀತೋ, ಹತ್ತು ಮೀಟರು ಆಳದ ಬಂಡೆಯ ಕಡೆಗೆ ಹೋದೀತೋ ಅವನಿಗೆ ತಿಳಿಯದು. ಚೀಲದ ಸಮಸ್ಯೆ ತನ್ನ ನಿಜವಾದ ರೂಪದಲ್ಲಿ ಎದುರಾಗುವುದು ಇವನಿಗೇ.

ಗೊತ್ತಿಲ್ಲದ ಸರೋವರಕ್ಕೆ ಹತ್ತು ಪೌಂಡು

ಈ ಸಮಸ್ಯೆ ಒಮ್ಮೆ ಎಲ್ಲ ಸ್ಪರ್ಧಿಗಳಿಗೂ ಒಟ್ಟಿಗೆ ಎದುರಾಗಿತ್ತು. 1971ರಲ್ಲಿ ರೇ ಸ್ಕಾಟ್ ಅವರು ಆ ವರ್ಷದ ಅತ್ಯುತ್ತಮ 24 ಮಂದಿಯನ್ನು ಆರಿಸಿ, ಕ್ಲಾಸಿಕ್ ಎಂಬ ಹೆಸರಿನ ಮೊದಲ ಮಹಾಪಂದ್ಯವನ್ನು ಏರ್ಪಡಿಸಿದರು. ಸ್ಥಳವನ್ನು ಗುಟ್ಟಾಗಿಟ್ಟು ಎಲ್ಲರನ್ನೂ ವಿಮಾನದಲ್ಲಿ ಕೂರಿಸಿದರು. ವಿಮಾನ ಮೇಲೇರಿದ ನಂತರವೇ ಗುಟ್ಟು ಹೊರಬಿದ್ದುದು: ಅವರು ಹೋಗುತ್ತಿದ್ದುದು ಮರುಭೂಮಿಯ ನಡುವೆ ಹೂವರ್ ಅಣೆಕಟ್ಟಿನ ಹಿಂದೆ ನಿಂತಿರುವ ಮೀಡ್ ಸರೋವರಕ್ಕೆ. ಒಬ್ಬೊಬ್ಬನೂ ಒಯ್ಯಬಹುದಾದ ಗಾಳದ ಸಾಮಗ್ರಿಗೆ ಹತ್ತು ಪೌಂಡಿನ ಮಿತಿಯಿತ್ತು. ಮೂರು ದಿನಗಳ ಆ ಪಂದ್ಯದಲ್ಲಿ ಆರ್ಕನ್ಸಾದ ಬಾಬಿ ಮರ್ರೆ 43 ಪೌಂಡು 11 ಔನ್ಸು ಮೀನು ತಂದು ಗೆದ್ದರು. ಬಹುಮಾನ ಹತ್ತು ಸಾವಿರ ಡಾಲರು.

ಹತ್ತು ಪೌಂಡೆಂದರೆ ಸುಮಾರು ನಾಲ್ಕೂವರೆ ಕಿಲೋಗ್ರಾಂ. ಇದರಲ್ಲಿ ಏನೇನು ಹಿಡಿಯಬಹುದು? ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಗಟ್ಟಿ ಎರೆಗಳು ಮತ್ತು ತಗಡಿನ ಎರೆಗಳು ಒಂದೊಂದೂ ಅರ್ಧ ಔನ್ಸು, ಎಂದರೆ 14 ಗ್ರಾಂ ಎಂದಿಟ್ಟುಕೊಂಡರೆ 35 ಎರೆಗಳಿಗೆ ಸುಮಾರು 500 ಗ್ರಾಂ. ಮೆದು ಪ್ಲಾಸ್ಟಿಕ್ ಹುಳುಗಳ ಎಂಟು ಪೊಟ್ಟಣಗಳಿಗೆ ಸುಮಾರು ಒಂದು ಕಿಲೋಗ್ರಾಂ. ಕಟ್ಟುವ ಗುಂಡುಗಳಿಗೆ 350 ಗ್ರಾಂ, ಕೊಕ್ಕೆಗಳಿಗೆ 100 ಗ್ರಾಂ, ಇಕ್ಕುಳ ಕತ್ತರಿ ತಕ್ಕಡಿಗಳಿಗೆ 500 ಗ್ರಾಂ. ಇವೆಲ್ಲವನ್ನೂ ಇಡುವ ಪ್ಲಾಸ್ಟಿಕ್ ಪೆಟ್ಟಿಗೆ ಒಂದಕ್ಕೆ 300 ಗ್ರಾಂನಂತೆ ನಾಲ್ಕಕ್ಕೆ 1,200 ಗ್ರಾಂ. ಒಟ್ಟು ಸುಮಾರು 3,650 ಗ್ರಾಂ ಆಯಿತು. ಇನ್ನೂ ಮುಕ್ಕಾಲು ಕಿಲೋಗ್ರಾಂಗೂ ಹೆಚ್ಚು ಉಳಿಯಿತು. ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಚೀಲವನ್ನು ಭಾರಮಾಡಿದ್ದು ಸೀಸದ ಗುಂಡುಗಳಲ್ಲ. ಮೀನನ್ನು ಎಂದೂ ಹಿಡಿಯದ ಬರಿಯ ಪೆಟ್ಟಿಗೆಗಳು! ಐದನೆಯ, ಆರನೆಯ ಪೆಟ್ಟಿಗೆಯನ್ನು ಸೇರಿಸುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಲೇಸು.

ಮೊದಲು ಆಳ, ಆಮೇಲೆ ಬಣ್ಣ

ತೂಕಕ್ಕೆ ಮಿತಿಯಿದೆ, ನೀರಿನ ಪರಿಚಯವಿಲ್ಲ. ಹೀಗಿರಲು ಆಯ್ಕೆಗೆ ಆಧಾರವೇನು? ನೀರು ಯಾವುದೇ ಆಗಲಿ, ಮೀನು ಮೇಲ್ಮೈಗೂ ತಳಕ್ಕೂ ನಡುವೆ ಎಲ್ಲೋ ಒಂದು ಆಳದಲ್ಲಿರಲೇಬೇಕು. ಆದುದರಿಂದ ಪ್ರತಿಯೊಂದು ಆಳಕ್ಕೂ ತಲುಪಬಲ್ಲ ಎರೆ ಚೀಲದಲ್ಲಿರಬೇಕೆಂಬುದು ಮೊದಲ ಸೂತ್ರ.

ನೀರಿನ ಮೇಲೆಯೇ ತೇಲುತ್ತ ಗುಳುಗುಳು ಸದ್ದು ಮಾಡುವ ಎರೆಗಳು ಮೊದಲನೆಯ ಅಂತಸ್ತು. ತಿರುಗುವ ತಗಡುಗಳುಳ್ಳ ಸ್ಪಿನ್ನರ್‌ಬೈಟ್ ಮತ್ತು ಕಿರುನಾಲಗೆಯ ಕ್ರ್ಯಾಂಕ್‌ಬೈಟುಗಳು ಎರಡನೆಯದು. ಇವು ಒಂದೆರಡು ಮೀಟರು ಆಳದಲ್ಲಿ ಕೆಲಸ ಮಾಡುತ್ತವೆ. ಉದ್ದ ನಾಲಗೆಯ ಕ್ರ್ಯಾಂಕ್‌ಬೈಟುಗಳು ಮೂರನೆಯದು. ಈ ಕ್ರ್ಯಾಂಕ್‌ಬೈಟಿನ ರಚನೆ ಸ್ವಾರಸ್ಯವಾದುದು. ಮೀನಿನಾಕಾರದ ಇದರ ಒಡಲು ಸಾಮಾನ್ಯವಾಗಿ ನೀರಿಗಿಂತ ಹಗುರ. ಸುಮ್ಮನೆ ಬಿಟ್ಟರೆ ತೇಲುತ್ತದೆ. ದಾರವನ್ನು ಸುತ್ತಿ ಎಳೆದೊಡನೆ ಅದರ ಮೂತಿಗಿರುವ ಓರೆಯಾದ ತಟ್ಟೆಯು ನೀರನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೀರು ತಟ್ಟೆಯನ್ನು ಕೆಳಕ್ಕೆ ತಳ್ಳುತ್ತದೆ. ತಟ್ಟೆ ಉದ್ದವಾದಷ್ಟೂ, ಒಡಲಿನ ನೇರಕ್ಕೆ ಚಾಚಿದಷ್ಟೂ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ವಿಮಾನವನ್ನು ಮೇಲೆತ್ತುವ ತತ್ತ್ವವನ್ನೇ ಇಲ್ಲಿ ತಲೆಕೆಳಗು ಮಾಡಿದೆ.

ನಾಲ್ಕನೆಯದು ತಳ. ಅಲ್ಲಿಗೆ ಬೇಕಾದುದು ಗುಂಡು ಕಟ್ಟಿದ ಮೆದು ಪ್ಲಾಸ್ಟಿಕ್ ಹುಳು. 1949ರಲ್ಲಿ ಒಹಾಯೋ ಪ್ರಾಂತದ ಏಕ್ರನ್ ನಗರದ ನಿಕ್ ಕ್ರೀಮ್ ಎಂಬವರು ತಯಾರಿಸಿ ಮಾರಿದ ಹುಳುವಿನಿಂದ ಇದರ ಪ್ರಚಾರ ಆರಂಭವಾಯಿತು. ಗುಂಡಿನ ತೂಕವನ್ನು ಬದಲಿಸಿದರೆ ಒಂದೇ ಹುಳು ಒಂದು ಮೀಟರಿಗೂ ಸರಿ, ಹತ್ತು ಮೀಟರಿಗೂ ಸರಿ. ಅಲ್ಪ ತೂಕದಲ್ಲಿ ಬಹುವಿಧ ಉಪಯೋಗ ಕೊಡುವುದರಲ್ಲಿ ಇದಕ್ಕೆ ಎಣೆಯಿಲ್ಲ.

ಇನ್ನು ಬಣ್ಣದ ಮಾತು. ಅಂಗಡಿಯಲ್ಲಿ ಒಂದೇ ಹುಳು ಐವತ್ತು ಬಣ್ಣಗಳಲ್ಲಿ ದೊರೆಯುತ್ತದೆ. ಚೀಲ ಉಬ್ಬುವುದು ಮುಖ್ಯವಾಗಿ ಇದರಿಂದಲೇ. ಆದರೆ ನೀರು ಒಂದು ಬಣ್ಣದ ಶೋಧಕ. ತಿಳಿನೀರಿನಲ್ಲಿ ಕೆಂಪು ಬೆಳಕು ಮೇಲಿನ ಕೆಲವು ಮೀಟರುಗಳಲ್ಲೇ ಬಹುಮಟ್ಟಿಗೆ ಹೀರಲ್ಪಟ್ಟು, ಅದರ ಕೆಳಗೆ ಕೆಂಪು ವಸ್ತುವು ಕಪ್ಪಾಗಿ ಕಾಣುತ್ತದೆ. ಮೀನಿನ ಕಣ್ಣಿಗೂ ಮಿತಿಯುಂಟು. ನಮ್ಮ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರು ಬಗೆ. ಬಾಸ್ ಮೀನಿನಲ್ಲಿ ಎರಡೇ ಬಗೆ, ಒಂದು ಹಸುರಿಗೆ, ಇನ್ನೊಂದು ಕೆಂಪಿಗೆ. 2018ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಮೀನುಗಳಿಗೆ ಬಣ್ಣಗಳ ತರಬೇತಿ ಕೊಟ್ಟು ಪರೀಕ್ಷಿಸಿದರು. ಅವು ಕೆಂಪು ಮತ್ತು ಹಸುರನ್ನು ಚೆನ್ನಾಗಿ ಗುರುತಿಸಿದುವು. ಆದರೆ ಹೊಳೆಯುವ ಹಳದಿಹಸುರನ್ನು ಬಿಳುಪಿನಿಂದಲೂ, ನೀಲಿಯನ್ನು ಕಪ್ಪಿನಿಂದಲೂ ಬೇರ್ಪಡಿಸಿ ಅರಿಯಲಾರದೆ ಹೋದುವು. ಇದನ್ನು ತಿಳಿದ ಮೇಲೆ ಒಂದು ಕಪ್ಪು, ಒಂದು ಬಿಳುಪು, ಒಂದು ಹಸುರುಗಂದು ಇಷ್ಟು ಬಣ್ಣಗಳನ್ನಿಟ್ಟುಕೊಂಡು ಉಳಿದ ತೂಕವನ್ನು ಆಳಗಳಿಗೆ ಮೀಸಲಿಡುವುದು ವಿವೇಕವಲ್ಲವೆ? ಐವತ್ತು ಬಣ್ಣಗಳಲ್ಲಿ ಹೆಚ್ಚಿನವು ಮನುಷ್ಯನನ್ನು ಹಿಡಿಯುವ ಎರೆಗಳು.

ಸೀಸವೋ, ಟಂಗ್‌ಸ್ಟನ್ನೋ?

ಗುಂಡುಗಳನ್ನು ಹಿಂದೆ ಸೀಸದಿಂದಲೇ ಮಾಡುತ್ತಿದ್ದರು. ಈಗ ಪಂದ್ಯದವರಲ್ಲಿ ಟಂಗ್‌ಸ್ಟನ್ ಬಳಕೆ ಹೆಚ್ಚಾಗಿದೆ. ‘ಟಂಗ್‌ಸ್ಟನ್ ಕೊಂಡರೆ ಚೀಲ ಹಗುರವಾಗುತ್ತದೆಯೆ?’ ಎಂದು ತರಗತಿಯಲ್ಲಿ ಕೇಳಿದರೆ ಅರ್ಧ ತರಗತಿ ‘ಹೌದು’ ಎನ್ನುತ್ತದೆ. ಅರ್ಧ ಔನ್ಸಿನ ಗುಂಡು ಯಾವ ಲೋಹದ್ದಾದರೂ ಅರ್ಧ ಔನ್ಸೇ! ಕಡಿಮೆಯಾಗುವುದು ತೂಕವಲ್ಲ, ಗಾತ್ರ.

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಶುದ್ಧ ಟಂಗ್‌ಸ್ಟನ್ನಿನದು 19.3. ಗಾಳದ ಗುಂಡುಗಳಲ್ಲಿ ಬೇರೆ ಲೋಹವೂ ಸ್ವಲ್ಪ ಬೆರೆತಿರುವುದರಿಂದ 17.5 ಎಂದು ಹಿಡಿಯೋಣ. ಆಗ ಅರ್ಧ ಔನ್ಸಿನ ಸೀಸದ ಗುಂಡಿನ ಗಾತ್ರ 1.25 ಘನ ಸೆಂಟಿಮೀಟರು; ಟಂಗ್‌ಸ್ಟನ್ನಿನದು 0.81. ಅಡ್ಡಳತೆಯಲ್ಲಿ ಇದು ಸುಮಾರು 13 ಶೇಕಡ ಕಡಿಮೆ. ನೀರಿಗೆದುರಾಗುವ ಕ್ಷೇತ್ರಫಲದಲ್ಲಿ 25 ಶೇಕಡ ಕಡಿಮೆ. ನೀರಿನ ತಡೆ ಅಷ್ಟು ತಗ್ಗಿದುದರಿಂದ, ಬರಿಯ ಗೋಲಗಳನ್ನು ಬಿಟ್ಟರೆ ಟಂಗ್‌ಸ್ಟನ್ ಗೋಲವು ಲೆಕ್ಕದ ಪ್ರಕಾರ ಸುಮಾರು 17 ಶೇಕಡ ಹೆಚ್ಚು ವೇಗದಿಂದ ಇಳಿಯುತ್ತದೆ. ಹುಳುವನ್ನು ಕಟ್ಟಿದಾಗ ಈ ಅಂತರ ತಗ್ಗುವುದು ನಿಜ. ಆದರೂ ಸಣ್ಣ ಗುಂಡು ಜೊಂಡಿನ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ. ಸೀಸ ಮೆದು, ಟಂಗ್‌ಸ್ಟನ್ ಗಡಸು. ತಳದಲ್ಲಿರುವುದು ಕಲ್ಲೋ ಕೆಸರೋ ಎಂಬುದನ್ನು ಗಡಸು ಲೋಹವು ದಾರದ ಮೂಲಕ ಕೈಗೆ ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ. ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಸೀಸ ವಿಷ. ದಾರ ಹರಿದು ತಳದಲ್ಲಿ ಉಳಿದ ಸಣ್ಣ ಗುಂಡುಗಳನ್ನು ನೀರುಹಕ್ಕಿಗಳು ಕಲ್ಲುಹರಳುಗಳೊಂದಿಗೆ ನುಂಗಿ ಸಾಯುತ್ತವೆ. ಹಂಸಗಳ ಸಾವನ್ನು ಕಂಡು ಬ್ರಿಟನ್ನಿನಲ್ಲಿ 1987ರಿಂದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಲ್ಲಿಸಿದರು. ಲೂನ್ ಎಂಬ ಮುಳುಗುಹಕ್ಕಿಯ ಸಲುವಾಗಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಪ್ರಾಂತವು 2000ದಲ್ಲಿ ತನ್ನ ಸರೋವರಗಳಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಚೀಲದಲ್ಲಿಡುವ ಗುಂಡು ಒಂದು ದಿನ ನೀರಿನ ತಳದಲ್ಲಿ ಉಳಿಯಬಹುದೆಂಬುದನ್ನು ಕೊಳ್ಳುವಾಗಲೇ ಯೋಚಿಸಬೇಕು.

ದಾರದ ವಿಷಯದಲ್ಲಿಯೂ ಸಾಂದ್ರತೆಯೇ ದಾರಿ ತೋರಿಸುತ್ತದೆ. ಹೆಣೆದ ಪಾಲಿಎಥಿಲೀನ್ ದಾರದ ಸಾಂದ್ರತೆ 0.97, ಅದು ತೇಲುತ್ತದೆ. ನೈಲಾನು 1.14, ನಿಧಾನವಾಗಿ ಮುಳುಗುತ್ತದೆ. ಫ್ಲೋರೋಕಾರ್ಬನ್ 1.78, ಬೇಗ ಮುಳುಗುತ್ತದೆ. ಮೇಲ್ಮೈಯ ಎರೆಗೆ ಮೊದಲನೆಯದು ಅಥವಾ ಎರಡನೆಯದು, ತಳದ ಹುಳುವಿಗೆ ಮೂರನೆಯದು ಸರಿ. ಅಲ್ಲದೆ ನೀರಿನ ವಕ್ರೀಭವನಾಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು ಸುಮಾರು 1.53. ನೀರಿನ ಅಂಕಕ್ಕೆ ಹತ್ತಿರವಿದ್ದಷ್ಟೂ ದಾರ ಕಣ್ಣಿಗೆ ಮರೆಯಾಗುತ್ತದೆ. ರೀಲುಗಳಲ್ಲಿ ಹೇಗೂ ದಾರ ಸುತ್ತಿರುತ್ತದೆ. ಚೀಲಕ್ಕೆ ಫ್ಲೋರೋಕಾರ್ಬನ್ನಿನ ಒಂದು ಸಣ್ಣ ಉರುಳೆ ಸಾಕು.

ಚೀಲದೊಳಗಿನ ಶತ್ರುಗಳು

ಆರಿಸಿ ತಂದುದನ್ನು ಚೀಲವೇ ಹಾಳುಮಾಡುವುದುಂಟು. ಮೊದಲ ಶತ್ರು ತೇವ. 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಎರಡು ಲೀಟರು ಗಾತ್ರದ ಪೆಟ್ಟಿಗೆಯಲ್ಲಿ ಇದು 60 ಮಿಲಿಗ್ರಾಂ ಆಗುತ್ತದೆ. ಒಂದು ಹನಿ ನೀರಿನ ತೂಕ ಸುಮಾರು 50 ಮಿಲಿಗ್ರಾಂ. ಎಂದರೆ ಒದ್ದೆಯಾದ ಒಂದೇ ಎರೆಯನ್ನು ಮರಳಿ ಪೆಟ್ಟಿಗೆಗೆ ಹಾಕಿ ಮುಚ್ಚಿದರೆ, ಅದಕ್ಕಂಟಿದ ಎರಡು ಹನಿಗಳು ಪೆಟ್ಟಿಗೆಯ ಗಾಳಿಯನ್ನು ಪೂರ್ತಿ ತೇವದಿಂದ ತುಂಬಲು ಸಾಕು. ರಾತ್ರಿ ತಂಪಾದಾಗ ಈ ಆವಿ ಮಂಜಾಗಿ ಎಲ್ಲ ಕೊಕ್ಕೆಗಳ ಮೇಲೂ ಕೂರುತ್ತದೆ. ಗಾಳಿಯ ಆರ್ದ್ರತೆ 60 ಶೇಕಡವನ್ನು ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಬಹಳ ಏರುತ್ತದೆ. ಬೆಳಗಾಗುವಾಗ ಬಳಸದ ಕೊಕ್ಕೆಗಳ ಮೊನೆಗಳೂ ಮೊಂಡಾಗತೊಡಗಿರುತ್ತವೆ. ನೀರು ಚೀಲದೊಳಕ್ಕೆ ಬಾರದ ಭದ್ರವಾದ ಪೆಟ್ಟಿಗೆ ಕೊಂಡೆವೆಂದು ಹಿಗ್ಗುವವರು, ಒಳಗಿನ ನೀರು ಅದರಿಂದ ಹೊರಕ್ಕೂ ಹೋಗದೆಂಬುದನ್ನು ಮರೆಯುತ್ತಾರೆ!

ಪರಿಹಾರ ಸುಲಭ. ಬಳಸಿದ ಎರೆಗಳಿಗೆಂದು ಬಲೆಯ ಬಟ್ಟೆಯ ಒಂದು ಕಿಸೆಯನ್ನು ಬೇರೆ ಇಡಬೇಕು. ಮನೆಗೆ ಬಂದ ಮೇಲೆ ಒಣಗಿಸಿಯೇ ಪೆಟ್ಟಿಗೆಗೆ ಸೇರಿಸಬೇಕು. ಪೆಟ್ಟಿಗೆಗೊಂದು ಸಿಲಿಕಾ ಜೆಲ್ ಪೊಟ್ಟಣವಿದ್ದರೆ ಉಳಿದ ತೇವವನ್ನು ಅದು ಹೀರುತ್ತದೆ. ಹಿತ್ತಾಳೆಯ ಸಾಮಾನುಗಳನ್ನು ಉಕ್ಕಿನ ಕೊಕ್ಕೆಗಳೊಂದಿಗೆ ಬೆರೆಸಬಾರದು. ಎರಡು ಲೋಹಗಳು, ನಡುವೆ ತೇವ: ವೋಲ್ಟನ ವಿದ್ಯುತ್ಕೋಶವೇ ಸಿದ್ಧವಾಗಿ ಉಕ್ಕು ಬೇಗ ಸವೆಯುತ್ತದೆ.

ಎರಡನೆಯ ಶತ್ರು ಮೆದು ಹುಳುಗಳೇ. ಪಿ.ವಿ.ಸಿ. ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಎಣ್ಣೆಯಂಥ ಒಂದು ದ್ರವವನ್ನು ಬೆರೆಸಿ ಅವನ್ನು ಮೆದುಗೊಳಿಸಿರುತ್ತಾರೆ. ಈ ದ್ರವ ಹುಳುವಿನಲ್ಲೇ ನಿಲ್ಲದೆ ತಾಗಿದ ವಸ್ತುವಿಗೆ ಹರಿಯುತ್ತದೆ. ಗಟ್ಟಿ ಎರೆಯ ಬಣ್ಣವನ್ನು ಕರಗಿಸುತ್ತದೆ; ಪಾಲಿಸ್ಟೈರೀನ್ ಪೆಟ್ಟಿಗೆಯನ್ನು ಅಂಟಂಟಾಗಿಸುತ್ತದೆ. ಬೇರೆ ಜಾತಿಯ ರಬ್ಬರಿನಂಥ ಹುಳುಗಳೊಂದಿಗೆ ಬೆರೆತರೆ ಬೇಸಗೆಯ ಬಿಸಿಯಲ್ಲಿ ಎರಡೂ ಕರಗಿ ಒಂದೇ ಮುದ್ದೆಯಾಗಬಹುದು. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಇದಕ್ಕೆ ಬಗ್ಗುವುದಿಲ್ಲ. ಆದಕಾರಣ ಹುಳುಗಳನ್ನು ಅವು ಬಂದ ಪೊಟ್ಟಣಗಳಲ್ಲೇ ಇಡುವುದು ಕ್ಷೇಮ. ಹಾಗೆ ಮಾಡಿದರೆ ಒಂದು ಪೆಟ್ಟಿಗೆಯ ತೂಕವೂ ಉಳಿಯಿತು.

ಜೋಡಿಸುವ ಕ್ರಮ

ಪಂದ್ಯದ ದೋಣಿಗಳು ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗದಿಂದ ಅಲೆಗಳ ಮೇಲೆ ನೆಗೆದು ಓಡುತ್ತವೆ. ಎತ್ತರವಾಗಿ ಭಾರ ಹೇರಿದ ಚೀಲ ಅಲ್ಲಿ ನಿಲ್ಲದು. ಗುಂಡುಗಳು, ಇಕ್ಕುಳ ಇವು ತಳದಲ್ಲಿರಬೇಕು. ಗುರುತ್ವಕೇಂದ್ರ ಕೆಳಗಿಳಿದಷ್ಟೂ ಚೀಲ ಭದ್ರ. ತಳದ ಬಟ್ಟೆ ನೀರು ಹೀರದ ಗಟ್ಟಿ ಬಗೆಯದಾಗಿರಬೇಕು. ಹೆಗಲಪಟ್ಟಿ ಅಗಲವಾಗಿರಬೇಕು: ಎರಡೂವರೆ ಸೆಂಟಿಮೀಟರಿನ ಪಟ್ಟಿಯ ಬದಲು ಐದು ಸೆಂಟಿಮೀಟರಿನದನ್ನು ಬಳಸಿದರೆ ಅದೇ ಭಾರ ಹೆಗಲನ್ನು ಅರ್ಧ ಒತ್ತಡದಿಂದ ಒತ್ತುತ್ತದೆ.

ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸದೆ, ಕಪಾಟಿನ ಪುಸ್ತಕಗಳಂತೆ ನಿಲ್ಲಿಸಿ, ಬೆನ್ನಿನ ಮೇಲೆ ಹೆಸರು ಬರೆದಿಡಬೇಕು. ಆಳಕ್ಕೊಂದು ಪೆಟ್ಟಿಗೆ ಎಂಬ ಕ್ರಮವೇ ಉತ್ತಮ. ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ದಿನಕ್ಕೆ ಇಪ್ಪತ್ತು ಬಾರಿ ಎರೆ ಬದಲಿಸುವವನು ಪ್ರತಿ ಸಲವೂ ಮೂರು ನಿಮಿಷ ಹುಡುಕಿದರೆ ಒಂದು ಗಂಟೆ ಹೋಯಿತು. ಪಂದ್ಯದ ಎಂಟನೆಯ ಒಂದು ಪಾಲು ಅವನ ಗಾಳ ನೀರಿನಲ್ಲಿರಲೇ ಇಲ್ಲ. ಚೀಲ ತುಂಬಿದ ಮೇಲೆ ಕಣ್ಣು ಮುಚ್ಚಿ, ಬೇಕಾದ ಪೆಟ್ಟಿಗೆಗೆ ಕೈ ಹೋಗುವುದೋ ನೋಡಬೇಕು. ಹೋಗದಿದ್ದರೆ ಸಾಮಾನು ಹೆಚ್ಚಾಗಿದೆ ಎಂದರ್ಥ.

ಮೀನಿನ ಪಾಲು

ಕೊನೆಯದಾಗಿ, ಉಳಿದ ಮುಕ್ಕಾಲು ಕಿಲೋಗ್ರಾಂನಲ್ಲಿ ಮೊದಲ ಪಾಲು ಮೀನಿಗೆ ಸಲ್ಲಬೇಕು. 1972ರಲ್ಲಿ ರೇ ಸ್ಕಾಟ್ ಅವರು ಮೀನನ್ನು ಕೊಲ್ಲಬೇಡಿರೆಂಬ ಕರೆಯನ್ನು ಪಂದ್ಯಗಳಲ್ಲಿ ಆರಂಭಿಸಿದರು. ತೂಗಿದ ಮೀನನ್ನು ಮರಳಿ ನೀರಿಗೆ ಬಿಡುವುದು ಅಂದಿನಿಂದ ರೂಢಿಗೆ ಬಂದಿತು. ಸತ್ತ ಮೀನು ತಂದವನಿಗೆ ತೂಕದಲ್ಲಿ ಕಡಿತವಿದೆ.

ಆಳದಿಂದ ಎಳೆದ ಮೀನು ಸಾಯುವುದೇಕೆ? ಅದರ ಒಡಲಲ್ಲಿ ತೇಲಲು ನೆರವಾಗುವ ಒಂದು ಗಾಳಿಚೀಲವಿದೆ. ಪ್ರತಿ ಹತ್ತು ಮೀಟರು ನೀರು ಸುಮಾರು ಒಂದು ವಾಯುಮಂಡಲದ ಒತ್ತಡವನ್ನು ಸೇರಿಸುತ್ತದೆ. ಹತ್ತು ಮೀಟರು ಆಳದಲ್ಲಿ ಎರಡು ವಾಯುಮಂಡಲವಿದ್ದ ಒತ್ತಡ ಮೇಲ್ಮೈಯಲ್ಲಿ ಒಂದಕ್ಕೆ ಇಳಿದಾಗ, ಬಾಯಿಲನ ನಿಯಮದಂತೆ ಆ ಗಾಳಿಯ ಗಾತ್ರ ಎರಡರಷ್ಟಾಗಲು ಹವಣಿಸುತ್ತದೆ. ಬಾಸ್ ಮೀನಿಗೆ ಈ ಗಾಳಿಯನ್ನು ಬಾಯಿಯ ಮೂಲಕ ಹೊರಬಿಡುವ ನಾಳವಿಲ್ಲ. ಉಬ್ಬಿದ ಮೀನು ಮಗುಚಿ ತೇಲುತ್ತ ಬಳಲುತ್ತದೆ. ಅದರ ಕೆಳರೆಕ್ಕೆಗೆ ಸಿಕ್ಕಿಸಿ ಅದನ್ನು ನೆಟ್ಟಗೆ ನಿಲ್ಲಿಸುವ ತೂಕದ ಚಿಮುಟಗಳು ದೊರೆಯುತ್ತವೆ. ಟೊಳ್ಳು ಸೂಜಿಯಿಂದ ಗಾಳಿಯನ್ನು ಬಿಡಿಸುವ ವಿಧಾನವೂ ಉಂಟು. ಆದರೆ ಕೈ ಪಳಗದವನು ಅದಕ್ಕೆ ಹೋಗಬಾರದು. ಕೊಕ್ಕೆಯನ್ನು ಬೇಗ ಬಿಡಿಸಲು ಉದ್ದಮೂತಿಯ ಇಕ್ಕುಳವಂತೂ ಮೇಲುಕಿಸೆಯಲ್ಲೇ ಇರಬೇಕು. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣಕೈ ಅದರ ಮೈಯ ಲೋಳೆಯ ಹೊದಿಕೆಯನ್ನು ಕಿತ್ತುಬಿಡುತ್ತದೆ.

ಹತ್ತು ಪೌಂಡಿನ ಆ ಮಿತಿ ಇಂದಿನ ಮಹಾಪಂದ್ಯದಲ್ಲಿ ಇಲ್ಲ. ದೋಣಿಯ ಗೂಡುಗಳಲ್ಲಿ ನೂರಾರು ಎರೆಗಳನ್ನು ತುಂಬಿಕೊಂಡು ಹೋಗುವವರಿದ್ದಾರೆ. ಆದರೂ ಪರರ ದೋಣಿಯ ಹಿಂದಿನ ಆಸನದಲ್ಲಿ ಕೂರುವವನಿಗೆ ಆ ಹಳೆಯ ನಿಯಮ ಇಂದಿಗೂ ಒಳ್ಳೆಯ ಗುರು. ಹೋಗುವ ನೀರು ಯಾವುದೆಂದು ತಿಳಿಯದಾಗ ಎಲ್ಲವನ್ನೂ ಹೊತ್ತೊಯ್ಯಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಯಾವ ಸರೋವರದ ನೀರೇ ಆಗಲಿ, ಆಳಕ್ಕೆ ತಕ್ಕ ಒತ್ತಡ, ಸಾಂದ್ರತೆಗೆ ತಕ್ಕ ತೇಲುವಿಕೆ, ಬೆಳಕಿನ ಹೀರುವಿಕೆ ಇವುಗಳ ನಿಯಮಗಳನ್ನು ಮೀರುವುದಿಲ್ಲ. ಅವನ್ನು ತಿಳಿದವನಿಗೆ ಸರೋವರ ಹೊಸದಾದರೂ ನೀರು ಹಳೆಯದೇ. ಅವನ ಚೀಲ ಹಗುರವಾಗಿರುವುದು ಆ ತಿಳಿವಳಿಕೆಯ ಬಲದಿಂದ.